ಫಿರಂಗಿ ಮಾಮನಿಗೆ ಗುಂಡಿನ ಗೌರವ

ಬಂದೂಕು ಹಿಡಿದ ಸಿಪಾಯಿಗಳು ಅಂಗಳಕ್ಕೆ ಕಾಲಿಟ್ಟಿದ್ದೇ ತಡ, ಅತ್ತು ಅತ್ತು ಸೋತು ಗಂಡನ ಶವಪೆಟ್ಟಿಗೆಯ ಪಕ್ಕ ಕೂತಿದ್ದವಳು ಧಡಕ್ಕನೆ ಎದ್ದಳು. ಮೈದುನನ ತೋಳು ಹಿಡಿದು ಗೋಡೆಯ ಮರೆಗೆ ಎಳೆದಳು.

"ಬಂದೂಕು ಯಾಕೆ?"

"ಅಣ್ಣಂಗೆ ಗೌರವ ಅತ್ತಿಗೆ. ಗಾಳೀಲಿ ಗುಂಡು ಹಾರಿಸ್ತಾರೆ. ಎಷ್ಟು ಜನರ ಕೈಕಾಲು ಹಿಡಿದು ಕರೆಸಿದೀನಿ ಗೊತ್ತಾ?"

"ಬೇಡಪ್ಪಾ. ಸುಮ್ನೆ ಸಲ್ಯೂಟ್ ಹೊಡೆದು ಹೋಗ್ಲಿ."

"ಬೀದಿಗೆ ಬೀದೀನೇ ಬಂದು ನಿಂತಿದೆ. ಫಿರಂಗಿ ಮಾಮಂಗೆ ಒಂದು ಗುಂಡೂ ಹಾರಿಸ್ಲಿಲ್ಲ ಅಂದ್ರೆ ನಾಳೆ ನಗೋರ ಬಾಯಿ ನೀವು ಮುಚ್ಚಿಸ್ತೀರಾ?"

ಫಿರಂಗಿ ಮಾಮ ಅನ್ನುವುದು ಬೀದಿಯವರು ಅವಳ ಗಂಡನಿಗೆ ಇಟ್ಟ ಹೆಸರು. ಯುದ್ಧ ಮುಗಿಸಿ ಬಂದಮೇಲೆ ಮೂಲೆಯ ಕ್ಷೌರದಂಗಡಿಯಲ್ಲಿ ಕೂತು ಅವನು ಬಿಟ್ಟ ಬುರುಡೆ ಒಂದೆರಡಲ್ಲ. ಹಾರಿ ಬರುತ್ತಿದ್ದ ಗುಂಡನ್ನು ಟೋಪಿಯಲ್ಲಿ ಹಿಡಿದು, ಬಿಸಿ ಆರುವುದರೊಳಗೆ ಅದರಲ್ಲೇ ಬೀಡಿ ಹಚ್ಚಿಕೊಂಡೆ ಅನ್ನುತ್ತಿದ್ದ. ಕೇಳುವವರು ಅರ್ಧ ಗಡ್ಡದಲ್ಲೇ ಬಾಯಿಬಿಟ್ಟು ಕೂರುತ್ತಿದ್ದರು. ಅದೇ ಮನುಷ್ಯ ಮನೆಯಲ್ಲಿ ಒಂದು ತಟ್ಟೆ ಬಿದ್ದರೂ ಮಂಚದ ಕೆಳಗೆ ನುಗ್ಗಿ ಗಡಗಡ ನಡುಗುತ್ತಿದ್ದದ್ದು ಇವಳೊಬ್ಬಳಿಗೇ ಗೊತ್ತು. ಇಷ್ಟು ವರ್ಷ ಹೊಟ್ಟೆಯಲ್ಲಿ ಹಾಕಿಕೊಂಡಿದ್ದಳು. ಈಗ ಬಾಯಿಬಿಟ್ಟರೆ ಗಂಡನ ಮಾನ ಬೀದಿಪಾಲು. ಬಿಡದಿದ್ದರೆ ಅವನ ತಲೆಯ ಹತ್ತಿರವೇ ಗುಂಡು.

"ಅವರಿಗೆ..." ಅಂದಳು.

"ಅವನಿಗೇನು ಅತ್ತಿಗೆ, ಹುಲಿ ಹಂಗೆ ಇದ್ದ, ಹುಲಿ ಹಂಗೆ ಹೋಗ್ತಾನೆ." ಮೈದುನ ಹೊರಗೆ ಕತ್ತು ಚಾಚಿದ. "ಶುರು ಮಾಡಿ ಸಾರ್."

ನರೆತ ಮೀಸೆಯ ಹವಾಲ್ದಾರ ಗದರಿದ ಸದ್ದಿಗೆ ಬಂದೂಕುಗಳು ಖಟಕ್ಕನೆ ಭುಜಕ್ಕೇರಿದವು. ಅವಳು ಮೈದುನನ ತೋಳು ಬಿಟ್ಟು ಓಡಿದಳು. ತೆರೆದ ಪೆಟ್ಟಿಗೆಯ ಪಕ್ಕ ಮಂಡಿಯೂರಿ, ಗಂಡನ ಎರಡೂ ಕಿವಿಯ ಮೇಲೆ ಅಂಗೈ ಒತ್ತಿ ಹಿಡಿದಳು.

"ಪಾಪ, ಕೊನೇ ಸಲ ಮುಖ ಮುಟ್ಟಿ ನೋಡ್ತಿದಾರೆ" ಎಂದು ಯಾರೋ ಲೊಚಗುಟ್ಟಿದರು.

ಹವಾಲ್ದಾರ ಅವಳ ಕೈಗಳನ್ನೇ ದಿಟ್ಟಿಸಿದ. "ತಡೀರಿ" ಎಂದು ಸಾಲಿಗೆ ಹೇಳಿ ಹತ್ತಿರ ಬಂದ. ಹೊದಿಸಿದ ಬಟ್ಟೆ ಸರಿಮಾಡುವವನ ಹಾಗೆ ಬಗ್ಗಿ, ಅವಳಿಗಷ್ಟೇ ಕೇಳುವಂತೆ ಪಿಸುಗುಟ್ಟಿದ.

"ನಮ್ಮನೇಲಿ ನನ್ನ ಹೆಂಡ್ತಿ ಎಲ್ಲಾ ಬಾಗಿಲಿಗೂ ರಬ್ಬರ್ ಹೊಡೆಸಿದಾಳಮ್ಮ, ಗಾಳಿಗೆ ಬಡ್ಕೋಬಾರ್ದು ಅಂತ. ಇದು ಮೇಲಿನೋರ ಆರ್ಡರ್ರು, ನಿಲ್ಸೋಕೆ ನನ್ನ ಕೈಲಾಗಲ್ಲ. ಗಟ್ಟಿಯಾಗಿ ಹಿಡ್ಕೊಳ್ಳಿ."

ವಾಪಸು ಹೋಗಿ, ಕಣ್ಣು ಮುಚ್ಚಿಕೊಂಡು ಆರ್ಡರ್ ಕೊಟ್ಟ.

ಗುಂಡು ಸಿಡಿದವು. ಕಾಗೆಗಳು ದಿಕ್ಕಾಪಾಲಾದವು, ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು, ಮೈದುನ ಬೆಚ್ಚಿ ಹಿಂದೆ ನಿಂತವರ ಕಾಲು ತುಳಿದ. ಇಡೀ ಬೀದಿಯಲ್ಲಿ ಅಲುಗದೆ ಇದ್ದವನು ಫಿರಂಗಿ ಮಾಮ ಒಬ್ಬನೇ.