ತೊಟ್ಟಿಲ ಹಗ್ಗದ ನೀಲಿ

ಬೆಳಗ್ಗೆ ಆರು ಇಪ್ಪತ್ತಕ್ಕೆ ಆರು ವರ್ಷದ ಸಂಜನಾ ವಾಂತಿ ಮಾಡಿದಳು. ಏಳರ ಹೊತ್ತಿಗೆ ಅವಳು ಮುಟ್ಟಿದ ನಲ್ಲಿ, ಚಿಲಕ, ಚೊಂಬಿನ ಮೇಲೆಲ್ಲ ಪುಟ್ಟ ನೀಲಿ ಬೆರಳ ಗುರುತುಗಳು ಮೂಡಿದ್ದವು. ಅಂಟುವ ಹೊಟ್ಟೆಬೇನೆ ತಗಲಿದ ಯಾರದೇ ಕೈ, ತೊಳೆದರೂ, ಹೀಗೆ ನೀಲಿ ಬಿಡಲು ತೊಡಗಿ ಮೂರು ವರ್ಷವಾಗಿತ್ತು.

ಅಜ್ಜಿ ಚನ್ನವ್ವ ಮೊಮ್ಮಗಳನ್ನು ಪಡಸಾಲೆಯಲ್ಲಿ ಮಲಗಿಸಿ, ಬ್ಲೀಚಿಂಗ್ ಪುಡಿಯ ನೀರಿನಿಂದ ಗುರುತುಗಳನ್ನು ಒಂದೊಂದಾಗಿ ಒರೆಸಿದಳು. ಒಳಕೋಣೆಯಲ್ಲಿ ಹನ್ನೆರಡು ದಿನದ ಕೂಸಿತ್ತು. ಅದಕ್ಕೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆಯುವುದು ದಿನವೂ ಅವಳದೇ ಕೆಲಸ.

ನೀರು ಕಾದಿತ್ತು. ಅಷ್ಟರಲ್ಲಿ ಸೊಸೆ ಸಾವಿತ್ರಿ ಒಳಗಿನಿಂದ ಕರೆದಳು. “ಅತ್ತಿ, ತೊಟ್ಟಿಲ ಹಗ್ಗದ ಮ್ಯಾಲೆ ನೀಲಿ ಐತ್ರಿ.”

“ಸಂಜನಾ ಯಾವಾಗ ಒಳಗ ಬಂದಿದ್ಲು?”

“ಅಕಿ ಕೈಗೆ ಅದು ನಿಲುಕೂದಿಲ್ರಿ. ಬೆರಳೂ ದೊಡ್ಡವು ಅದಾವು.”

“ನನಗೇನಾಗೇತಿ? ರಾತ್ರಿ ನಾಲ್ಕು ರೊಟ್ಟಿ ತಿಂದೀನಿ” ಎಂದು ಚನ್ನವ್ವ ಬಾಗಿಲ ಪಕ್ಕದ ಬಿಳಿ ಗೋಡೆಗೆ ಅಂಗೈ ಒತ್ತಿದಳು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಐದೂ ಬೆರಳು ನೀಲಿಯಾಗಿ ಮೂಡಿದವು.

ಚನ್ನವ್ವ ಹಿಂದೆ ಸರಿದು ಮಗನನ್ನು ಕರೆದಳು. ಮಹಾಂತೇಶ ಮುಟ್ಟಿದ ಗೋಡೆ ಬಿಳಿಯಾಗಿಯೇ ಉಳಿಯಿತು. ಅವನು ಸೋಪು ಹಚ್ಚಿ ಕೈ ತೊಳೆದು ಕೂಸನ್ನು ಕಾಲ ಮೇಲೆ ಹಾಕಿಕೊಂಡ. ಚನ್ನವ್ವ ದೂರ ಕೂತು ಹೇಳಿಕೊಟ್ಟಳು.

“ಕುತ್ತಿಗಿ ಹಿಡಿ. ಮೆಲ್ಲಕ ಹಾಕೋ ನೀರು, ಎಮ್ಮಿ ಮೈ ತೊಳಿಯಾಕತ್ತಿಲ್ಲ ನೀ.”

ಮುಂದೆ ದಿನವೂ ಮಹಾಂತೇಶನೇ ಎರೆದ; ಕೂಸಿಗೆ ಬೇನೆ ತಗಲಲಿಲ್ಲ. ಹತ್ತನೆಯ ದಿನ ಚನ್ನವ್ವ ಮುಟ್ಟಿದ ಗೋಡೆ ಬಿಳಿಯಾಗಿ ಉಳಿಯಿತು. ಅವಳ ಕಾಲ ಮೇಲೆ ಮಲಗಿಸಿದಾಗ ಕೂಸು ಅಪ್ಪನ ಕಡೆ ತಿರುಗಿ ಅತ್ತಿತು.