ಪ್ರಶ್ನೆ ಉದ್ಭವಿಸುವುದಿಲ್ಲ

"ಕಿಟಕಿ ತೆಗೆಯಿರಿ ಅಂತ ವಸತಿ ಮಂತ್ರಿಗಳ ಪತ್ರ. ಕಿಟಕಿ ಮುಚ್ಚಿ ಅಂತ ಪರಿಸರ ಮಂತ್ರಿಗಳ ಪತ್ರ. ರಾಟರ್‌ಡ್ಯಾಮ್ ಬಂದರಿನ ಪಕ್ಕದ ಆ ನಲವತ್ತೆರಡು ಮನೆಯವರು ಯಾರ ಮಾತು ಕೇಳಬೇಕು? ಮನೆಗಳ ರಿಪೇರಿ ಯಾವಾಗ?"

ಹೇಗ್ ನಗರದ ಸಂಸತ್ತಿನ ಸಮಿತಿ ಕೋಣೆಯಲ್ಲಿ ಸಂಸದೆ ಅಪೂರ್ವ ಡಚ್ ಭಾಷೆಯಲ್ಲಿ ಹೀಗೆ ಕೇಳಿ ಕೂತಾಗ, ಪ್ರೇಕ್ಷಕರ ಸಾಲಿನಲ್ಲಿದ್ದ ಅವಳಪ್ಪ ರುದ್ರಪ್ಪನವರ ಎದೆ ಉಬ್ಬಿತು. ಡಚ್ ಅವರಿಗೆ ಬಾರದು. ಮಗಳು ಹಾಕಿಕೊಟ್ಟಿದ್ದ ಆ್ಯಪು ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಫೋನಿನಲ್ಲಿ ತೋರಿಸುತ್ತಿತ್ತು. ಭಲೇ ಮಗಳೇ! ಕಿಟಕಿ ತೆಗೆದರೆ ಹಡಗಿನ ಹೊಗೆ, ಮುಚ್ಚಿದರೆ ಗೋಡೆ ತುಂಬ ಬೂಷ್ಟು. ಇಬ್ಬರು ಮಂತ್ರಿಗಳನ್ನೂ ಒಂದೇ ಕಿಟಕಿಗೆ ಸಿಕ್ಕಿಸಿಬಿಟ್ಟಿದ್ದಳು. ಮಂತ್ರಿಗಳು ಮುಖ ಮುಖ ನೋಡಿಕೊಂಡರು. ಉತ್ತರ ಸಿದ್ಧಮಾಡಿಕೊಳ್ಳಲು ಇಪ್ಪತ್ತು ನಿಮಿಷ ಬಿಡುವು ಎಂದು ಅಧ್ಯಕ್ಷರು ಸುತ್ತಿಗೆ ಬಡಿದರು.

ಹೊರಗೆ ಕಾಫಿ ಮಷೀನಿನ ಪಕ್ಕ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಲ್ಯಾಪ್‌ಟಾಪ್ ತೆರೆದುಕೊಂಡು ಬೆವರುತ್ತಿದ್ದ. ಒಂದು ಸಾಲು ಬರೆಯುವುದು, ಅಳಿಸುವುದು, ಗಡಿಯಾರ ನೋಡುವುದು. ಆ ಮನುಷ್ಯನ ಗುರುತು ರುದ್ರಪ್ಪನವರಿಗಿಲ್ಲ, ಆ ಅವಸ್ಥೆಯ ಗುರುತು ಮಾತ್ರ ಚೆನ್ನಾಗಿತ್ತು. ವಿಧಾನಸೌಧದಲ್ಲಿ ಮೂವತ್ತೆರಡು ವರ್ಷ ಕೂತು, ಹನ್ನೊಂದು ಮಂತ್ರಿಗಳಿಗೆ ಸದನದ ಉತ್ತರ ಬರೆದುಕೊಟ್ಟು ನಿವೃತ್ತರಾದವರು ಅವರು. ಅಧಿವೇಶನ ಬಂತೆಂದರೆ ಅವರ ಪಾಡೂ ಹೀಗೇ ಇರುತ್ತಿತ್ತು.

"ಮಂತ್ರಿಗಳ ಉತ್ತರವೋ?" ಇಂಗ್ಲಿಷಿನಲ್ಲಿ ಕೇಳಿದರು.

"ಹೌದು, ಇನ್ನು ಹತ್ತೇ ನಿಮಿಷ," ಎಂದ ಆ ಅಧಿಕಾರಿ. ಕೊರಳಿಗೆ ನೇತುಹಾಕಿದ ಗುರುತಿನ ಚೀಟಿಯಲ್ಲಿ ಯೋಸ್ಟ್ ಎಂಬ ಹೆಸರಿತ್ತು. "ತೆಗೆಯಿರಿ ಅಂದರೂ ತಪ್ಪು, ಮುಚ್ಚಿ ಅಂದರೂ ತಪ್ಪು. ಆ ಹೆಂಗಸು ಎಲ್ಲಿಂದ ಹುಡುಕಿ ತರುತ್ತಾಳೋ ಇಂಥ ಪ್ರಶ್ನೆ!"

ಅಯ್ಯೋ ಪಾಪ! ರುದ್ರಪ್ಪನವರು ಕಾಫಿ ಲೋಟ ಹಿಡಿದುಕೊಂಡು ಅವನ ಪಕ್ಕಕ್ಕೆ ಸರಿದರು. ಅದು ತಮ್ಮ ಮಗಳ ಪ್ರಶ್ನೆ ಎನ್ನುವುದೇ ಮರೆತುಹೋಯಿತು. ಕಣ್ಣೆದುರು ಒಗ್ಗರಣೆ ಸೀಯುತ್ತಿದ್ದರೆ ಅಡುಗೆಯವನ ಕೈ ಸುಮ್ಮನಿರುತ್ತದೆಯೇ?

"ಬರೆದುಕೊಳ್ಳಿ," ಎಂದರು. "ಎರಡೂ ಇಲಾಖೆಗಳ ಸಲಹೆಗಳು ಆಯಾ ಸಂದರ್ಭಕ್ಕೆ ಸರಿಯಾಗಿಯೇ ಇವೆ. ಆದ್ದರಿಂದ ಗೊಂದಲದ ಪ್ರಶ್ನೆ ಉದ್ಭವಿಸುವುದಿಲ್ಲ. ರಿಪೇರಿಯ ವಿಷಯವು ಎರಡೂ ಇಲಾಖೆಗಳ ಜಂಟಿ ಪರಿಶೀಲನೆಯಲ್ಲಿದೆ."

ಯೋಸ್ಟ್ ಬೆರಳಚ್ಚಿಸಿ, ಎರಡು ಸಲ ಓದಿ, ತಲೆ ಎತ್ತಿದ. "ಸಾರ್, ಇದರೊಳಗೆ ಏನೂ ಇಲ್ಲವಲ್ಲ!"

"ಅದೇ ಮತ್ತೆ ಅದರ ಗಮ್ಮತ್ತು," ಎಂದು ರುದ್ರಪ್ಪ ಕಾಫಿ ಹೀರಿದರು.

ಸಭೆ ಮತ್ತೆ ಸೇರಿತು. ವಸತಿ ಮಂತ್ರಿಗಳು ಎದ್ದು, ಗಂಟಲು ಸರಿಮಾಡಿಕೊಂಡು, ಆ ಮೂರು ವಾಕ್ಯಗಳನ್ನು ಡಚ್ಚಿನಲ್ಲಿ ಒಂದೂ ಬಿಡದೆ ಓದಿದರು. ಬರೆದುಕೊಳ್ಳುತ್ತಿದ್ದ ಅಪೂರ್ವಳ ಪೆನ್ನು ನಿಂತಿತು. ಸೈಕಲ್ ಬೇಕೆಂದಾಗ, ನಾಯಿಮರಿ ಬೇಕೆಂದಾಗ ಅವಳು ಮನೆಯಲ್ಲಿ ಕೇಳಿ ಕೇಳಿ ಬೆಳೆದ ಉತ್ತರ ಅದು. ಇಡೀ ನೆದರ್‌ಲ್ಯಾಂಡ್ಸಿನಲ್ಲಿ ಅದನ್ನು ಬರೆಯಬಲ್ಲವರು ಒಬ್ಬರೇ. ಅವಳು ನಿಧಾನವಾಗಿ ತಿರುಗಿ ಅಪ್ಪನನ್ನು ನೋಡಿದಳು. ರುದ್ರಪ್ಪ ಬೂಟಿನ ದಾರ ಬಿಚ್ಚಿ ಕಟ್ಟತೊಡಗಿದರು.

ಪಕ್ಕದಲ್ಲಿ ಯಾರೋ ಕೆಮ್ಮಿದರು. ಆ ನಲವತ್ತೆರಡು ಮನೆಗಳಲ್ಲೊಂದರ ಅಜ್ಜಿ. ಬೆಳಿಗ್ಗೆಯಿಂದ ಕೆಮ್ಮುತ್ತಲೇ ಇದ್ದಳು, ರುದ್ರಪ್ಪನವರ ಕಿವಿಗೆ ಬಿದ್ದದ್ದು ಈಗ. ಚೀಲ ಎತ್ತಿಕೊಂಡು ಹೊರಡಲೆದ್ದ ಅಜ್ಜಿ ಅವರತ್ತ ಬಾಗಿ ಏನೋ ಹೇಳಿದಳು. ಫೋನಿನಲ್ಲಿ ಇಂಗ್ಲಿಷು ಮೂಡಿತು: ಟ್ರಾಮ್ ಹತ್ತಿ, ರೈಲು ಹತ್ತಿ, ಇಷ್ಟು ಕೇಳುವುದಕ್ಕೆ ಬಂದೆನೇ ನಾನು? ರುದ್ರಪ್ಪನವರಿಗೆ ನಾಚಿಕೆಯಾಯಿತು. ಅಷ್ಟು ವರ್ಷದ ನೌಕರಿಯಲ್ಲಿ, ತಾವು ಬರೆದ ಉತ್ತರ ಕೇಳಿದವರ ಪಕ್ಕದಲ್ಲಿ ಅವರೆಂದೂ ಕೂತಿರಲಿಲ್ಲ.

ಅಪೂರ್ವ ಮೈಕು ಒತ್ತಿದಳು. "ಪರಿಶೀಲನೆ ಗಿರಿಶೀಲನೆ ಬೇಡ. ರಿಪೇರಿ ಎಷ್ಟು ತಿಂಗಳೊಳಗೆ ಮುಗಿಯುತ್ತದೆ? ಒಂದು ಸಂಖ್ಯೆ ಹೇಳಿ, ಸಾಕು."

ಮಂತ್ರಿಗಳು ಹಾಳೆ ಮಗುಚಿದರು. ಹಿಂದೆ ಖಾಲಿ. ಬೆನ್ನ ಹಿಂದೆ ಕೂತಿದ್ದ ಯೋಸ್ಟ್‌ನತ್ತ ತಿರುಗಿದರು. ಯೋಸ್ಟ್ ದಿಕ್ಕು ತೋಚದೆ ಪ್ರೇಕ್ಷಕರ ಸಾಲಿನಲ್ಲಿದ್ದ ರುದ್ರಪ್ಪನವರನ್ನೇ ನೋಡಿದ.

ಉತ್ತರದಲ್ಲಿ ಸಂಖ್ಯೆ ಹಾಕಬೇಡಿ ಎಂದು ಕಿರಿಯರಿಗೆಲ್ಲ ಬುದ್ಧಿ ಹೇಳಿದವರು ಅವರು. ಅದರಲ್ಲೂ ಇಲ್ಲಿ ಮಂತ್ರಿ ಬಾಯಿಬಿಟ್ಟು ಹೇಳಿದ್ದು ವಾಗ್ದಾನವೆಂದು ದಾಖಲಾಗುತ್ತದೆ, ಆಮೇಲೆ ನುಂಗುವ ಹಾಗಿಲ್ಲ. ರುದ್ರಪ್ಪ ಅಜ್ಜಿಯನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ಗಲ್ಲ ತುರಿಸಿಕೊಳ್ಳುವವರ ಹಾಗೆ ಕೈ ಎತ್ತಿ ಮೂರು ಬೆರಳು ತೋರಿಸಿದರು. ಯೋಸ್ಟ್ ಚೀಟಿಯಲ್ಲಿ ಗೀಚಿ ಮುಂದೆ ದಾಟಿಸಿದ.

"ಮೂರು ತಿಂಗಳೊಳಗೆ," ಎಂದು ಓದಿದ ಮಂತ್ರಿಗಳು, ಓದಿ ಮುಗಿದ ಮೇಲೆ ಚೀಟಿಯನ್ನು ಗಾಬರಿಯಿಂದ ಇನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಅಧ್ಯಕ್ಷರು ಬರೆದುಕೊಂಡಾಗಿತ್ತು. ಅಜ್ಜಿ ಚೀಲ ಕೆಳಗಿಟ್ಟು ಮತ್ತೆ ಕೂತಳು.

ಸಂಜೆ ಮಗಳ ಮನೆಯಿರುವ ಡೆಲ್ಫ್ಟ್‌ಗೆ ಹೋಗುವ ರೈಲಿನಲ್ಲಿ ಅಪ್ಪ ಮಗಳು ಎದುರುಬದುರು ಕೂತರು. ಅಪೂರ್ವ ಕಡತ ತೆರೆದು ಅದರಲ್ಲೇ ಮುಖ ಹುದುಗಿಸಿದಳು. ರುದ್ರಪ್ಪ ತಡೆಯಲಾರದೆ ತಾವೇ ಬಾಯಿ ತೆಗೆದರು. "ಏನೇ ಹೇಳು ಅಪ್ಪೂ, ಕೊನೇಗೆ ನಿನ್ನ ಕೆಲಸ ಮಾಡಿಕೊಟ್ಟೆ ತಾನೆ?"

ಮಗಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಲ್ಲಾ ಅಪ್ಪಾ, ಎರಡೇ ಬೆರಳು ತೋರಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"