ಬಿಲದ ಗುರುತು

ಕಂಡ ಪ್ರಾಣಿಯನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದಿಡುವುದು ನನ್ನ ಹವ್ಯಾಸ. ಅದನ್ನು ಕಲಿಸಿದವರು ನಿವೃತ್ತ ಜೀವಶಾಸ್ತ್ರದ ಮೇಷ್ಟ್ರು. ಈಗಲೂ ಪ್ರತಿ ಭಾನುವಾರ ಪುಸ್ತಕ ತರಿಸಿಕೊಂಡು ತಿದ್ದಿಕೊಡುತ್ತಾರೆ.

ಕಲ್ಲುಗುಡ್ಡದ ಬುಡದಲ್ಲಿ ಚಿಪ್ಪುಹಂದಿಯ ಬಿಲ ಕಂಡ ದಿನ, ಊರ ಕಟ್ಟೆಗೆ ಮರಳಿ ಪುಸ್ತಕ ಬಿಚ್ಚಿದಾಗ ಕುರಿ ಕಾಯುವ ಮುದ್ದಯ್ಯ ಹಿಂದಿನಿಂದ ಇಣುಕಿದ.

“ಇವತ್ತೇನು ಬರ್ಕೊಂಡ್ರಿ ಸ್ವಾಮಿ?”

ಅವನು ದಿನಾ ಹೀಗೆ ಕೇಳುವುದು ನನಗೆ ಸರಿಕಾಣುತ್ತಿರಲಿಲ್ಲ. ಚಿಪ್ಪಿನ ಆಸೆಗೆ ಆ ಪ್ರಾಣಿಯನ್ನು ಕೊಲ್ಲುವವರಿದ್ದಾರೆ. ಅವನ ಕಣ್ಣು ತಪ್ಪಿಸಲೆಂದು ಪುಸ್ತಕದಲ್ಲಿ ‘ಚಿಪ್ಪುಹಂದಿಯ ಬಿಲ, ಹುಣಸೆ ತೋಪು’ ಎಂದು ಸುಳ್ಳು ಬರೆದೆ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಹತ್ತು ದಿನ ಕಳೆಯುವುದರೊಳಗೆ ಹುಣಸೆ ತೋಪಿನ ನೆಲವನ್ನೆಲ್ಲ ಯಾರೋ ಅಗೆದು ಹಾಕಿದ್ದರು. ನೇರ ಹೋಗಿ ಮುದ್ದಯ್ಯನ ಹೆಗಲ ಟವೆಲ್ಲು ಹಿಡಿದೆ.

“ನನ್ನ ಪುಸ್ತಕ ಓದಿ ಯಾರಿಗೆ ಹೇಳಿದೆ?”

ಅವನು ನಕ್ಕುಬಿಟ್ಟ. “ಹೆಬ್ಬೆಟ್ಟು ಒತ್ತೋನು ಸ್ವಾಮಿ ನಾನು. ನೀವು ಬರೆದದ್ದು ನನಗೂ ಒಂದೇ, ನನ್ನ ಕುರಿಗೂ ಒಂದೇ. ಅದಿರೋದು ಕಲ್ಲುಗುಡ್ಡದ ಬುಡದಾಗೆ. ನಂಗೊತ್ತಿಲ್ವಾ? ತೋಪು ಯಾಕೆ ಅಗೀಲಿ?”

ಟವೆಲ್ಲು ಬಿಟ್ಟು ಪುಸ್ತಕ ಬಿಚ್ಚಿದೆ. ‘ಹುಣಸೆ ತೋಪು’ ಎಂಬುದರ ಕೆಳಗೆ, ಎಂದಿನಂತೆ, ಮೇಷ್ಟ್ರ ಕೆಂಪು ಶಾಯಿಯಲ್ಲಿ ಒಂದೇ ಮಾತು: ‘ನೋಡಿದೆ.’